ಉರಿಯುವ ಪಾದಕ್ಕೆ ವಿದ್ಯುತ್ ಸ್ಪರ್ಶ: ನೋವು ತಗ್ಗೀತು, ನರ ಉಳಿದೀತೆ?

ಬಂಕಾಪುರ: ಸಕ್ಕರೆ ಕಾಯಿಲೆಯಿಂದ ಅಂಗಾಲು ಉರಿಯುತ್ತಿರುವವರ ಮುಂದೆ ಇಂದು ಎರಡು ದಾರಿಗಳಿವೆ. ಒಂದು ಸರಕಾರದ್ದು. 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭವಾಗಿ ಮರುವರ್ಷ ಇತರ ಜಿಲ್ಲೆಗಳಿಗೂ ವಿಸ್ತರಿಸಿದ 'ಗೃಹ ಆರೋಗ್ಯ' ಯೋಜನೆಯಡಿ ಆರೋಗ್ಯ ಸಿಬ್ಬಂದಿ ಮನೆ ಬಾಗಿಲಿಗೇ ಬಂದು 30 ವರ್ಷ ದಾಟಿದವರ ರಕ್ತದೊತ್ತಡ, ಮಧುಮೇಹ ಮೊದಲಾದವನ್ನು ತಪಾಸಣೆ ಮಾಡುತ್ತಾರೆ. ಇನ್ನೊಂದು ಮಾರುಕಟ್ಟೆಯದು. ರಾಜ್ಯದ ಅನೇಕ ಪಟ್ಟಣಗಳಲ್ಲಿ ಸಭಾಭವನಗಳನ್ನು ಬಾಡಿಗೆಗೆ ಹಿಡಿದು 'ಫುಟ್ ಪಲ್ಸ್ ಥೆರಪಿ' ಎಂಬ ಹೆಸರಿನ ಉಚಿತ ಶಿಬಿರಗಳು ನಡೆಯುತ್ತಿವೆ. ಪಾದವನ್ನು ಯಂತ್ರದ ಮೇಲೆ ಇರಿಸಿದರೆ ಸಣ್ಣ ವಿದ್ಯುತ್ ಮಿಡಿತಗಳು ಹರಿಯುತ್ತವೆ, ಸಕ್ಕರೆ ಕಾಯಿಲೆಯಿಂದ ಮಂಡಿನೋವಿನವರೆಗೆ ಹಲವಕ್ಕೆ ಉಪಶಮನ ದೊರೆಯುತ್ತದೆ ಎಂಬುದು ಇಂಥ ಶಿಬಿರಗಳ ಪ್ರಚಾರ. ಶಿಬಿರ ಉಚಿತ, ಮನೆಗೆ ಒಯ್ಯುವ ಯಂತ್ರಕ್ಕೆ ಮಾತ್ರ ಬೆಲೆಯುಂಟು.

ಈ ಪ್ರಚಾರವನ್ನು ಪೂರ್ಣ ಸುಳ್ಳೆಂದು ತಳ್ಳಿಹಾಕುವುದು ಸುಲಭ. ಪೂರ್ಣ ನಿಜವೆಂದು ನಂಬುವುದು ಇನ್ನೂ ಸುಲಭ. ಎರಡೂ ಸರಿಯಲ್ಲ. ವಿದ್ಯುತ್ ಪ್ರಚೋದನೆಯಿಂದ ನರದ ನೋವನ್ನು ತಗ್ಗಿಸುವ ವಿಧಾನಕ್ಕೆ ವೈದ್ಯಶಾಸ್ತ್ರದಲ್ಲಿ ಅರ್ಧ ಶತಮಾನಕ್ಕೂ ಮಿಕ್ಕಿದ ಇತಿಹಾಸವಿದೆ. ಆದರೆ ನೋವು ತಗ್ಗುವುದು ಬೇರೆ, ಹಾನಿಗೊಂಡ ನರ ಗುಣವಾಗುವುದು ಬೇರೆ. ಈ ಅಂತರವನ್ನು ರೋಗಿಗೆ ತಿಳಿಸಿ ಹೇಳುವವರಿಲ್ಲದಿರುವುದೇ ಇಂದಿನ ಸಮಸ್ಯೆ. ಹುಬ್ಬಳ್ಳಿ ಮತ್ತು ಹಾವೇರಿಗಳ ನಡುವೆ, ಪುಣೆ-ಬೆಂಗಳೂರು ಹೆದ್ದಾರಿಗೆ ಹತ್ತಿರವಿರುವ ಶಿಗ್ಗಾವಿ ತಾಲೂಕಿನ ಬಂಕಾಪುರದಂಥ ಊರುಗಳಲ್ಲಿ ಈ ಸಮಸ್ಯೆಯ ಪರಿಣಾಮ ನಗರಗಳಲ್ಲಿರುವುದಕ್ಕಿಂತ ಗಂಭೀರವಾಗಬಲ್ಲದು.

ನರ ಹಾಳಾಗುವ ಬಗೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ 'ಇಂಡಿಯಾಬ್' ಸಮೀಕ್ಷೆಯ ರಾಷ್ಟ್ರೀಯ ವರದಿ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ವಯಸ್ಕರಲ್ಲಿ ಮಧುಮೇಹದ ಪ್ರಮಾಣ ಶೇ. 11.4. ಇದು ನಗರವಾಸಿಗಳ, ಉಳ್ಳವರ ಕಾಯಿಲೆ ಎಂಬ ಹಳೆಯ ಕಲ್ಪನೆಗೆ ಈಗ ಆಧಾರವಿಲ್ಲ.

ರಕ್ತದಲ್ಲಿ ಸಕ್ಕರೆ ಅಂಶ ವರ್ಷಗಟ್ಟಲೆ ಏರಿಕೆಯಲ್ಲೇ ಉಳಿದರೆ ನರತಂತುಗಳಿಗೂ ಅವುಗಳನ್ನು ಪೋಷಿಸುವ ಸೂಕ್ಷ್ಮ ರಕ್ತನಾಳಗಳಿಗೂ ಧಕ್ಕೆಯಾಗುತ್ತದೆ. ಬೆನ್ನುಹುರಿಯಿಂದ ಅತಿ ದೂರದಲ್ಲಿರುವ ನರದ ತುದಿಗಳು ಮೊದಲು ಬಾಧಿತವಾಗುವುದರಿಂದ ತೊಂದರೆ ಆರಂಭವಾಗುವುದು ಕಾಲ್ಬೆರಳುಗಳಲ್ಲಿ. ಬಳಿಕ ಕಾಲುಚೀಲ ತೊಟ್ಟಂತೆ ಮೇಲಕ್ಕೆ ಹರಡುತ್ತದೆ. ಮಧುಮೇಹಿಗಳ ಪೈಕಿ ಸುಮಾರು ಅರ್ಧದಷ್ಟು ಮಂದಿಗೆ ಜೀವಿತಾವಧಿಯಲ್ಲಿ ಒಂದಲ್ಲ ಒಂದು ಹಂತದಲ್ಲಿ ಈ ನರಹಾನಿ ಕಾಣಿಸಿಕೊಳ್ಳುವುದೆಂದು ಅಂದಾಜಿಸಲಾಗಿದೆ.

ಇದರ ವಿಚಿತ್ರವೆಂದರೆ, ಒಂದೇ ಕಾಯಿಲೆ ಎರಡು ವಿರುದ್ಧ ರೂಪಗಳಲ್ಲಿ ಎದುರಾಗುವುದು. ಕೆಲವರಿಗೆ ಬೆಂಕಿಯ ಮೇಲೆ ಕಾಲಿಟ್ಟಂಥ ಉರಿ, ಸೂಜಿ ಚುಚ್ಚಿದಂಥ ನೋವು, ಇರುವೆ ಹರಿದಾಡಿದಂಥ ಅನುಭವ. ರಾತ್ರಿ ಹೊದಿಕೆ ತಗುಲಿದರೂ ಸಹಿಸಲಾಗದು, ನಿದ್ದೆ ದೂರ. ಇನ್ನು ಕೆಲವರಿಗೆ ನೋವೇ ಇಲ್ಲ, ಪಾದ ಮರಗಟ್ಟಿರುತ್ತದೆ. ಚಪ್ಪಲಿ ಕಳಚಿ ಹೋದದ್ದೂ ತಿಳಿಯದು, ಮುಳ್ಳು ಚುಚ್ಚಿದ್ದೂ ತಿಳಿಯದು. ಎರಡೂ ಒಟ್ಟಿಗೇ ಇರುವ ರೋಗಿಗಳೂ ಉಂಟು. ಉರಿಯುವ ಪಾದ ರೋಗಿಯನ್ನು ವೈದ್ಯರ ಬಳಿಗೆ ಅಟ್ಟುತ್ತದೆ. ಮರಗಟ್ಟಿದ ಪಾದ ಸದ್ದಿಲ್ಲದೆ ಹುಣ್ಣಾಗುತ್ತದೆ. ಸೋಂಕು ಮೂಳೆಯವರೆಗೆ ಇಳಿದರೆ ಬೆರಳನ್ನೋ ಪಾದವನ್ನೋ ಕತ್ತರಿಸಬೇಕಾದ ಸ್ಥಿತಿ ಬರುತ್ತದೆ. ಹಾವೇರಿ ಜಿಲ್ಲೆಯ ಗೋವಿನಜೋಳ, ಹತ್ತಿ, ಮೆಣಸಿನಕಾಯಿ ಹೊಲಗಳಲ್ಲಿ ಬರಿಗಾಲಲ್ಲಿ ದುಡಿಯುವವರ ಪಾಲಿಗೆ ಇದು ದೂರದ ಅಪಾಯವಲ್ಲ.

ವಿದ್ಯುತ್ತು ನೋವನ್ನು ತಡೆಯುವುದು ಹೇಗೆ?

ನೋವಿಗೆ ವಿದ್ಯುತ್ತಿನ ಪ್ರಯೋಗ ಹೊಸದಲ್ಲ. ಮೊದಲ ಶತಮಾನದ ರೋಮನ್ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್, ಕಾಲಿನ ನೋವಿಗೆ ವಿದ್ಯುತ್ ಹೊಮ್ಮಿಸುವ ಟಾರ್ಪಿಡೊ ಮೀನಿನ ಮೇಲೆ ಪಾದವಿರಿಸುವ ಚಿಕಿತ್ಸೆಯನ್ನು ದಾಖಲಿಸಿದ್ದಾನೆ. ಆದರೆ ಆಧುನಿಕ ವಿಧಾನಕ್ಕೆ ತಳಹದಿ ದೊರೆತದ್ದು 1965ರಲ್ಲಿ. ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು ಆ ವರ್ಷ ನೋವಿನ 'ಹೆಬ್ಬಾಗಿಲು ಸಿದ್ಧಾಂತ'ವನ್ನು ಮುಂದಿಟ್ಟರು. ನೋವಿನ ಸಂದೇಶ ಮಿದುಳಿಗೆ ಹೋಗುವ ಮುನ್ನ ಬೆನ್ನುಹುರಿಯಲ್ಲಿ ಒಂದು ಬಾಗಿಲನ್ನು ದಾಟಬೇಕು. ಸ್ಪರ್ಶವನ್ನು ಒಯ್ಯುವ ದಪ್ಪ ನರತಂತುಗಳು ಚುರುಕಾದರೆ ಆ ಬಾಗಿಲು ಮುಚ್ಚಿಕೊಳ್ಳುತ್ತದೆ ಎಂಬುದು ಅದರ ತಿರುಳು. ಪೆಟ್ಟು ಬಿದ್ದ ಜಾಗವನ್ನು ಕೈ ತಾನಾಗಿಯೇ ಉಜ್ಜುವುದು, ಉಜ್ಜಿದಾಗ ನೋವು ಕಡಿಮೆಯೆನಿಸುವುದು ಇದೇ ಕಾರಣಕ್ಕೆ.

ಈ ತತ್ತ್ವದ ಮೇಲೆ ರೂಪುಗೊಂಡದ್ದು 'ಟೆನ್ಸ್' ಎಂದು ಕರೆಯಲ್ಪಡುವ ಚಿಕಿತ್ಸೆ. ಅಂಟು ಪಟ್ಟಿಗಳನ್ನು ಚರ್ಮಕ್ಕೆ ಹಚ್ಚಿ, ಬ್ಯಾಟರಿಯಿಂದ ನಡೆಯುವ ಪುಟ್ಟ ಯಂತ್ರದ ಮೂಲಕ ಮಿಡಿತಗಳನ್ನು ಹರಿಸಲಾಗುತ್ತದೆ. ಮಿಡಿತ ವೇಗವಾಗಿದ್ದರೆ, ಅಂದರೆ ಸೆಕೆಂಡಿಗೆ 80ರಿಂದ 100ರಷ್ಟಿದ್ದರೆ, ಬೆನ್ನುಹುರಿಯ ಬಾಗಿಲಿನ ಮೇಲೆ ಪರಿಣಾಮ ಹೆಚ್ಚು. ನಿಧಾನದ ಮಿಡಿತ ದೇಹದೊಳಗಿನ ಸಹಜ ನೋವುಶಾಮಕ ರಾಸಾಯನಿಕಗಳನ್ನು ಪ್ರಚೋದಿಸುತ್ತದೆಂದು ವಿವರಿಸಲಾಗುತ್ತದೆ. ಫಿಜಿಯೋಥೆರಪಿ ವಿಭಾಗವಿರುವ ಆಸ್ಪತ್ರೆಗಳಲ್ಲಿ ಟೆನ್ಸ್ ಯಂತ್ರ ಸಾಮಾನ್ಯ ಸಾಧನ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಅಂತರ್ಜಾಲ ಮಳಿಗೆಗಳಲ್ಲಿ 'ಫುಟ್ ಮಸಾಜರ್' ಎಂಬ ಹೆಸರಿನಲ್ಲಿ ದೊರೆಯುವ ಚಾಪೆಯಂಥ ಸಾಧನಗಳಲ್ಲಿ ಅನೇಕವು ಸ್ನಾಯುಗಳನ್ನು ಅದುರಿಸಲು ರೂಪಿಸಿದವು. ನರದ ನೋವಿಗೆ ಪರೀಕ್ಷೆಗೊಳಪಟ್ಟ ಟೆನ್ಸ್ ವಿಧಾನವೇ ಬೇರೆ. ಒಂದರ ಕುರಿತ ಸಂಶೋಧನೆಯನ್ನು ತೋರಿಸಿ ಇನ್ನೊಂದನ್ನು ಮಾರುವುದು ನ್ಯಾಯವಲ್ಲ.

ಸಂಶೋಧನೆಯ ತಕ್ಕಡಿಯಲ್ಲಿ

ಮಧುಮೇಹದ ನರನೋವಿಗೆ ವಿದ್ಯುತ್ ಪ್ರಚೋದನೆ ಉಪಯುಕ್ತವೆಂಬ ವಾದಕ್ಕೆ ಆಧಾರವಾಗಿ ಪದೇ ಪದೇ ಉಲ್ಲೇಖಗೊಳ್ಳುವುದು 1997ರಲ್ಲಿ ಅಮೆರಿಕದ 'ಡಯಾಬಿಟಿಸ್ ಕೇರ್' ಪತ್ರಿಕೆಯಲ್ಲಿ ಪ್ರಕಟವಾದ ಕುಮಾರ್ ಮತ್ತು ಮಾರ್ಷಲ್ ಅವರ ಅಧ್ಯಯನ. ಅದರಲ್ಲಿದ್ದವರು 31 ರೋಗಿಗಳು. ನಿತ್ಯ ಅರ್ಧ ಗಂಟೆಯಂತೆ ನಾಲ್ಕು ವಾರ ಚಿಕಿತ್ಸೆ ಪಡೆದ 18 ಮಂದಿಯಲ್ಲಿ 15 ಮಂದಿಗೆ ನೋವು ತಗ್ಗಿತು. ವಿದ್ಯುತ್ ಹರಿಯದ ತೋರಿಕೆಯ ಯಂತ್ರ ಬಳಸಿದ 13 ಮಂದಿಯಲ್ಲಿ ಐವರಿಗೆ ಮಾತ್ರ ಉಪಶಮನವಾಯಿತು. 2000ದಲ್ಲಿ ಅದೇ ಪತ್ರಿಕೆಯಲ್ಲಿ ಬಂದ ಇನ್ನೊಂದು ಅಧ್ಯಯನ 50 ರೋಗಿಗಳಿಗೆ ಸೂಕ್ಷ್ಮ ಸೂಜಿಗಳ ಮೂಲಕ ವಿದ್ಯುತ್ ಹರಿಸಿ, ಮೂರು ವಾರಗಳ ಅವಧಿಯಲ್ಲಿ ನೋವು ಮತ್ತು ನಿದ್ದೆಯಲ್ಲಿ ಸುಧಾರಣೆಯನ್ನು ಗುರುತಿಸಿತು.

ಇವುಗಳ ಬಲದ ಮೇಲೆ ಅಮೆರಿಕದ ನರವೈದ್ಯರ ಅಕಾಡೆಮಿ 2010ರಲ್ಲಿ, ಮಧುಮೇಹದ ನರನೋವಿಗೆ ಟೆನ್ಸ್ ಬಹುಶಃ ಪರಿಣಾಮಕಾರಿ, ಅದನ್ನು ಪರಿಗಣಿಸಬಹುದು ಎಂದಿತು. ಕುತೂಹಲದ ಸಂಗತಿಯೆಂದರೆ, ಇದೇ ಯಂತ್ರ ದೀರ್ಘಕಾಲದ ಸೊಂಟನೋವಿಗೆ ಪ್ರಯೋಜನಕಾರಿಯಲ್ಲ ಎಂದೂ ಅದೇ ವರದಿ ಸ್ಪಷ್ಟಪಡಿಸಿತ್ತು. ಎಲ್ಲ ನೋವಿಗೂ ಒಂದೇ ಯಂತ್ರ ಎಂಬ ಪ್ರಚಾರಕ್ಕೆ ಇದಕ್ಕಿಂತ ನೇರ ಉತ್ತರ ಬೇಕಿಲ್ಲ.

ತಕ್ಕಡಿಯ ಇನ್ನೊಂದು ತಟ್ಟೆಯೂ ಹಗುರವಲ್ಲ. ಚಿಕಿತ್ಸೆಗಳ ಸಾಕ್ಷ್ಯವನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ, ನರಸಂಬಂಧಿ ನೋವಿಗೆ ಟೆನ್ಸ್ ಬಳಕೆಯ ಕುರಿತ 15 ಅಧ್ಯಯನಗಳನ್ನು, ಒಟ್ಟು 724 ರೋಗಿಗಳ ವಿವರಗಳನ್ನು 2017ರಲ್ಲಿ ಪರಿಶೀಲಿಸಿತು. ಸಾಕ್ಷ್ಯದ ಗುಣಮಟ್ಟ ತೀರಾ ಕೆಳಮಟ್ಟದ್ದಾಗಿರುವುದರಿಂದ ಖಚಿತ ತೀರ್ಮಾನಕ್ಕೆ ಬರಲಾಗದು ಎಂದಿತು. ಅಧ್ಯಯನಗಳು ಸಣ್ಣವು, ಅವಧಿ ವಾರಗಳದ್ದು. ಜೊತೆಗೆ, ವಿದ್ಯುತ್ತಿನ ಜುಮುಗುಡುವಿಕೆ ರೋಗಿಯ ಅನುಭವಕ್ಕೆ ಬಂದೇ ಬರುತ್ತದೆ. ತನಗೆ ನಿಜವಾದ ಚಿಕಿತ್ಸೆ ದೊರೆಯುತ್ತಿದೆಯೋ ತೋರಿಕೆಯದೋ ಎಂಬುದನ್ನು ರೋಗಿ ಊಹಿಸಬಲ್ಲ. ಮಾತ್ರೆಯ ಪ್ರಯೋಗಗಳಲ್ಲಿ ಸುಲಭವಾಗಿ ಸಾಧ್ಯವಾಗುವ ಗೋಪ್ಯತೆ ಇಲ್ಲಿ ಕಠಿಣ.

ಹಾಗಿದ್ದರೆ ಸಾರಾಂಶವೇನು? ಟೆನ್ಸ್ ಕೆಲವರಿಗೆ ಸ್ವಲ್ಪ ಕಾಲದ ಉಪಶಮನ ನೀಡಬಲ್ಲ, ಹೆಚ್ಚು ಅಪಾಯವಿಲ್ಲದ, ಅಗ್ಗದ ಪೂರಕ ಚಿಕಿತ್ಸೆ. ಸಕ್ಕರೆ ನಿಯಂತ್ರಣಕ್ಕೂ ವೈದ್ಯರು ಬರೆದ ಔಷಧಿಗೂ ಅದು ಬದಲಿಯಲ್ಲ. ಪ್ರಿಗ್ಯಾಬಲಿನ್, ಗ್ಯಾಬಪೆಂಟಿನ್, ಡ್ಯುಲೊಕ್ಸೆಟಿನ್, ಅಮಿಟ್ರಿಪ್ಟಿಲಿನ್ ಮೊದಲಾದ ಮಾತ್ರೆಗಳೇ ಇಂದಿಗೂ ನೋವಿನ ಮೊದಲ ಹಂತದ ಚಿಕಿತ್ಸೆ. ಆದರೆ ಅವುಗಳಿಂದ ತೂಕಡಿಕೆ, ತಲೆಸುತ್ತು, ಬಾಯಿ ಒಣಗುವಿಕೆ ಉಂಟಾಗಬಹುದು. ಮೂತ್ರಪಿಂಡ ದುರ್ಬಲವಾಗಿರುವ ಹಿರಿಯರಲ್ಲಿ ಪ್ರಮಾಣವನ್ನು ತಗ್ಗಿಸಬೇಕಾಗುತ್ತದೆ. ಮಾತ್ರೆ ಒಗ್ಗದವರ ಪಾಲಿಗೆ ಇಂಥದೊಂದು ಪೂರಕ ಮಾರ್ಗ ಇರಬೇಕೆಂಬುದರಲ್ಲಿ ಅರ್ಥವಿದೆ.

ಬೆನ್ನುಹುರಿಯ ಬಳಿ ಯಂತ್ರ

ಇತ್ತೀಚಿನ ವರ್ಷಗಳಲ್ಲಿ ಹೆಚ್ಚು ಸುದ್ದಿಯಾಗಿರುವುದು ಚರ್ಮದ ಮೇಲಿನ ಪಟ್ಟಿಯಲ್ಲ. ಶಸ್ತ್ರಚಿಕಿತ್ಸೆಯ ಮೂಲಕ ದೇಹದೊಳಗೆ ಅಳವಡಿಸುವ ಬೆನ್ನುಹುರಿ ಪ್ರಚೋದಕ. ಮಾತ್ರೆಗಳಿಗೆ ಬಗ್ಗದ ನೋವಿದ್ದ 216 ಮಧುಮೇಹಿಗಳ ಮೇಲೆ ಅಮೆರಿಕದಲ್ಲಿ ನಡೆದ ಪ್ರಯೋಗದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ನರದ ಸ್ಥಿತಿ ಹದಗೆಡದೆ ನೋವು ಅರ್ಧಕ್ಕರ್ಧ ತಗ್ಗಿದವರ ಪ್ರಮಾಣ ಪ್ರಚೋದಕ ಅಳವಡಿಸಿದವರಲ್ಲಿ ಶೇ. 79, ಔಷಧಿಯನ್ನಷ್ಟೇ ಮುಂದುವರಿಸಿದವರಲ್ಲಿ ಶೇ. 5. ಕೆಲವರ ಪಾದದ ಸಂವೇದನೆಯೂ ಸುಧಾರಿಸಿತೆಂದು ಸಂಶೋಧಕರು ವರದಿ ಮಾಡಿದರು. ಅದೇ ವರ್ಷ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಇದಕ್ಕೆ ಅನುಮೋದನೆ ನೀಡಿತು.

ಅಂಕಿಗಳು ಆಕರ್ಷಕವಾದರೂ ಕೆಲವು ಮಿತಿಗಳನ್ನು ಮರೆಯಲಾಗದು. ಪ್ರಯೋಗಕ್ಕೆ ಹಣ ಒದಗಿಸಿದ್ದು ಯಂತ್ರ ತಯಾರಿಸುವ ಕಂಪನಿಯೇ. ಹೋಲಿಕೆಗೆ ತೋರಿಕೆಯ ಯಂತ್ರ ಅಳವಡಿಸಿದ ಗುಂಪು ಇರಲಿಲ್ಲ. 2014ರಲ್ಲಿ ಪ್ರಕಟವಾದ, 36 ರೋಗಿಗಳನ್ನೊಳಗೊಂಡ ಯುರೋಪಿನ ಪ್ರಯೋಗವೊಂದರಲ್ಲಿ ಚಿಕಿತ್ಸೆಯ ತೊಡಕಿನಿಂದಾಗಿ ಒಬ್ಬ ರೋಗಿ ಮೃತಪಟ್ಟದ್ದೂ ದಾಖಲಾಗಿದೆ. ಸಕ್ಕರೆ ಹತೋಟಿಯಲ್ಲಿಲ್ಲದವರಲ್ಲಿ ಸೋಂಕಿನ ಭಯ ಬೇರೆ. ಹಲವು ಲಕ್ಷ ರೂಪಾಯಿಗಳ ವೆಚ್ಚ ಬೇಡುವ ಈ ಚಿಕಿತ್ಸೆ ಸದ್ಯಕ್ಕೆ ಮಹಾನಗರಗಳ ದೊಡ್ಡ ಆಸ್ಪತ್ರೆಗಳ ಮಾತು. ಹೀಗಿರುವಾಗ ಒಳಗೆ ಅಳವಡಿಸುವ ಯಂತ್ರದ ಯಶಸ್ಸನ್ನು ಪಾದದಡಿ ಇರಿಸುವ ಯಂತ್ರದ ಜಾಹೀರಾತಿಗೆ ಬಳಸುವುದು ಸರಿಯಲ್ಲ.

ಭರವಸೆಗೂ ಕಾನೂನಿಗೂ ನಡುವೆ

ಅತಿಯಾದ ಭರವಸೆ ನಮ್ಮಲ್ಲಿನ ಸಣ್ಣ ಮಾರಾಟಗಾರರಿಗಷ್ಟೇ ಸೀಮಿತವಲ್ಲ. ಮೊಣಕಾಲಿನ ಕೆಳಗೆ ಕಟ್ಟಿಕೊಳ್ಳುವ 'ಕ್ವೆಲ್' ಎಂಬ ಸಾಧನ ಇಡೀ ದೇಹದ ನೋವನ್ನು ಶಮನಗೊಳಿಸುತ್ತದೆಂದು ಪ್ರಚಾರ ಮಾಡಿದ ಅಮೆರಿಕದ ನ್ಯೂರೋಮೆಟ್ರಿಕ್ಸ್ ಕಂಪನಿಯ ಮೇಲೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ದೂರು ಹೂಡಿತು. 2020ರಲ್ಲಿ ಕಂಪನಿ ಕನಿಷ್ಠ 40 ಲಕ್ಷ ಡಾಲರ್ ತೆರಲು ಒಪ್ಪಿ ಪ್ರಕರಣ ಇತ್ಯರ್ಥಗೊಂಡಿತು. ಅಂಥ ಸಾಧನದ ಮಾರಾಟ ಅಲ್ಲಿ ಅಪರಾಧವಾಗಿರಲಿಲ್ಲ. ಆಕ್ಷೇಪವಿದ್ದುದು ಸಾಕ್ಷ್ಯವಿಲ್ಲದ ಪ್ರಚಾರಕ್ಕೆ.

ಭಾರತದಲ್ಲೂ ಕಾನೂನಿನ ಕೊರತೆಯಿಲ್ಲ. 1954ರ ಔಷಧಗಳು ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆ, ಗುಣಪಡಿಸುವುದಾಗಿ ಜಾಹೀರಾತು ನೀಡಬಾರದ ಕಾಯಿಲೆಗಳ ಪಟ್ಟಿಯನ್ನೇ ನೀಡುತ್ತದೆ. ಮಧುಮೇಹ ಆ ಪಟ್ಟಿಯಲ್ಲಿದೆ. ಕಾಯ್ದೆಯ ಪ್ರಕಾರ 'ಔಷಧ'ವೆಂದರೆ ಮಾತ್ರೆ, ಕಷಾಯಗಳಷ್ಟೇ ಅಲ್ಲ. ದೇಹದ ಕ್ರಿಯೆಯ ಮೇಲೆ ಪ್ರಭಾವ ಬೀರುವ ಉದ್ದೇಶದ ವಸ್ತುವೂ ಅದರಲ್ಲಿ ಸೇರುತ್ತದೆ. ಮೊದಲ ಸಲದ ಅಪರಾಧಕ್ಕೆ ಆರು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳೂ ಔಷಧ ಕಾನೂನಿನ ವ್ಯಾಪ್ತಿಗೆ ಬಂದಿವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸುವ ಅಧಿಕಾರ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕಿದೆ. ಚಿಕಿತ್ಸೆ ನೀಡುವ ಖಾಸಗಿ ಕೇಂದ್ರಗಳ ನೋಂದಣಿಗೆ ರಾಜ್ಯದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ.

ಆದರೆ ಊರಿಂದೂರಿಗೆ ಸಾಗುವ ಶಿಬಿರ, ಕರಪತ್ರ, ಧ್ವನಿವರ್ಧಕದ ಪ್ರಚಾರಗಳಿಗೆ ಈ ಕಾನೂನುಗಳನ್ನು ಅನ್ವಯಿಸುವವರಾರು ಎಂಬ ಪ್ರಶ್ನೆ ಉಳಿಯುತ್ತದೆ. ಶಿಬಿರದಲ್ಲಿ 'ವಿಶ್ರಾಂತಿ', 'ರಕ್ತಸಂಚಾರ' ಎಂಬ ಮೆದು ಮಾತುಗಳು ಬಳಕೆಯಾದಾಗ ಅವು ಚಿಕಿತ್ಸೆಯ ಭರವಸೆಯೋ ಅಲ್ಲವೋ ಎಂಬುದು ಚರ್ಚೆಗೆ ಒಳಗಾಗುತ್ತದೆ. ಸಭಾಭವನ ಬಾಡಿಗೆಗೆ ನೀಡುವ ಮುನ್ನ ಅಥವಾ ಪ್ರಚಾರಕ್ಕೆ ಅನುಮತಿಸುವ ಮುನ್ನ ಸ್ಥಳೀಯ ಸಂಸ್ಥೆ ತಾಲೂಕು ಆರೋಗ್ಯಾಧಿಕಾರಿಯ ಅಭಿಪ್ರಾಯ ಪಡೆಯುವ ಪದ್ಧತಿ ಬಂದರೂ ಅರ್ಧ ಸಮಸ್ಯೆ ಬಗೆಹರಿದೀತು.

ಯಂತ್ರ ಬಳಸುವವರಿಗೂ ಕೆಲವು ಎಚ್ಚರಿಕೆಗಳು ಅಗತ್ಯ. ಹೃದಯದಲ್ಲಿ ಪೇಸ್‌ಮೇಕರ್ ಇರುವವರು, ಗರ್ಭಿಣಿಯರು ವೈದ್ಯರ ಸಲಹೆಯಿಲ್ಲದೆ ಬಳಸಕೂಡದು. ಹುಣ್ಣು, ಗಾಯ, ಸೋಂಕು ಇರುವ ಚರ್ಮದ ಮೇಲೆ ಪಟ್ಟಿ ಅಂಟಿಸಬಾರದು. ಸ್ಪರ್ಶಜ್ಞಾನವೇ ಇಲ್ಲದ ಪಾದಕ್ಕೆ ವಿದ್ಯುತ್ ಹೆಚ್ಚಾದದ್ದು ಅರಿವಾಗದು, ಚರ್ಮ ಸುಟ್ಟರೂ ಗೊತ್ತಾಗದು. ಮರಗಟ್ಟಿದ ಪಾದವನ್ನು 'ಎಬ್ಬಿಸುವ' ಆಸೆಯಿಂದ ಯಂತ್ರದ ಗುಂಡಿಯನ್ನು ಮೇಲಕ್ಕೆ ತಿರುಗಿಸುವವರೇ ಹೆಚ್ಚು ಅಪಾಯಕ್ಕೆ ಸಿಲುಕುವವರು.

ಬಂಕಾಪುರದಂಥ ಊರಿಗೆ ಬೇಕಾದುದು

ನವಿಲುಧಾಮವಿರುವ ಕೋಟೆ ಮತ್ತು ನಗರೇಶ್ವರ ದೇವಾಲಯದಿಂದ ಹೆಸರಾದ ಬಂಕಾಪುರದಿಂದ ನರರೋಗ ತಜ್ಞರನ್ನು ಕಾಣಬೇಕಾದವರು ಸಾಮಾನ್ಯವಾಗಿ ಮುಖ ಮಾಡುವುದು ಹುಬ್ಬಳ್ಳಿಯತ್ತ. ಅಲ್ಲಿನ ಕೆಎಂಸಿಆರ್‌ಐ, ಅಂದರೆ ಹಿಂದಿನ ಕಿಮ್ಸ್, ಇಡೀ ಉತ್ತರ ಕರ್ನಾಟಕದ ರೋಗಿಗಳ ಭಾರ ಹೊತ್ತಿದೆ. ಜಿಲ್ಲಾ ಕೇಂದ್ರ ಹಾವೇರಿಗೆ ವೈದ್ಯಕೀಯ ಕಾಲೇಜು ಬಂದಿರುವುದು ಆಶಾದಾಯಕ. ಆದರೆ ದಿನಗೂಲಿ ಬಿಟ್ಟು, ಬಸ್ಸು ಹತ್ತಿ, ಸರದಿಯಲ್ಲಿ ನಿಲ್ಲಬೇಕಾದ ಕೃಷಿ ಕಾರ್ಮಿಕನಿಗೆ ಕಾಲುರಿ 'ಆಸ್ಪತ್ರೆಗೆ ಹೋಗುವಂಥ ಕಾಯಿಲೆ' ಎನಿಸುವುದೇ ಇಲ್ಲ. ಮನೆ ಸಮೀಪದ ಉಚಿತ ಶಿಬಿರ ಅವನನ್ನು ಸೆಳೆದರೆ ತಪ್ಪು ಅವನದಲ್ಲ.

ಪಾದರಕ್ಷಣೆಗೆ ದುಬಾರಿ ಯಂತ್ರ ಬೇಕಿಲ್ಲ ಎಂಬುದನ್ನು ರಾಜ್ಯದ ಸಂಸ್ಥೆಗಳೇ ತೋರಿಸಿವೆ. ಬೆಂಗಳೂರಿನ ಕರ್ನಾಟಕ ಅಂತಃಸ್ರಾವ ವಿಜ್ಞಾನ ಮತ್ತು ಸಂಶೋಧನಾ ಸಂಸ್ಥೆಯಲ್ಲಿ ಪಾದ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ಮಣಿಪಾಲದ ಮಾಹೆ ವಿಶ್ವವಿದ್ಯಾಲಯದಲ್ಲಿ ಮಧುಮೇಹಿಗಳ ಪಾದ ಆರೈಕೆ ಮತ್ತು ಸಂಶೋಧನಾ ಕೇಂದ್ರವಿದ್ದು, ಫಿಜಿಯೋಥೆರಪಿ ಪ್ರಾಧ್ಯಾಪಕ ಡಾ. ಜಿ. ಅರುಣ್ ಮಯ್ಯ ಮತ್ತು ಸಂಗಡಿಗರು ನರನೋವಿಗೆ ಕಡಿಮೆ ತೀವ್ರತೆಯ ಲೇಸರ್ ಬಳಕೆಯ ಕುರಿತು ಅಧ್ಯಯನಗಳನ್ನು ಪ್ರಕಟಿಸಿದ್ದಾರೆ. ಅಮೆರಿಕದ ನರವೈದ್ಯರ ಅಕಾಡೆಮಿ 2011ರಲ್ಲಿ ಲೇಸರ್ ವಿಧಾನವನ್ನು ಶಿಫಾರಸು ಮಾಡಿರಲಿಲ್ಲ ಎಂಬುದೂ ನಿಜ. ಇಂಥ ಭಿನ್ನಾಭಿಪ್ರಾಯಗಳು ಬಗೆಹರಿಯಬೇಕಾದದ್ದು ವಿಶ್ವವಿದ್ಯಾಲಯಗಳ ಪ್ರಯೋಗಗಳಲ್ಲಿ, ಮಾರಾಟದ ಶಿಬಿರಗಳಲ್ಲಲ್ಲ.

ಪಾದ ತಪಾಸಣೆಯ ಮೂಲ ಸಾಧನಗಳು ಎರಡೇ: 10 ಗ್ರಾಂ ಒತ್ತಡಕ್ಕೆ ಬಾಗುವ ಒಂದು ನೈಲಾನ್ ಎಳೆ ಮತ್ತು ಕಂಪನ ಪರೀಕ್ಷಿಸುವ ಶ್ರುತಿಕವೆ. ಎಳೆಯ ಸ್ಪರ್ಶ ತಿಳಿಯದಿದ್ದರೆ ಪಾದ ಅಪಾಯದಲ್ಲಿದೆ ಎಂದರ್ಥ. ಎರಡನೇ ಬಗೆಯ ಮಧುಮೇಹ ಪತ್ತೆಯಾದ ದಿನವೇ, ಬಳಿಕ ವರ್ಷಕ್ಕೊಮ್ಮೆಯಾದರೂ ಈ ಪರೀಕ್ಷೆ ನಡೆಯಬೇಕೆಂಬುದು ಅಂತಾರಾಷ್ಟ್ರೀಯ ಮಾರ್ಗಸೂಚಿ. ಕೆಲವೇ ನಿಮಿಷಗಳ ಈ ಕೆಲಸವನ್ನು ತರಬೇತಿ ಪಡೆದ ದಾದಿಯರೂ ನಿರ್ವಹಿಸಬಲ್ಲರು. 'ಗೃಹ ಆರೋಗ್ಯ'ದ ಪಟ್ಟಿಯಲ್ಲಿ ಮಧುಮೇಹಿಗಳ ಪಾದದ ತೊಂದರೆಯೂ ಸೇರಿರುವುದು ಸ್ವಾಗತಾರ್ಹ. ಕಾಗದದ ಮೇಲಿನ ಈ ಅಂಶ ಪ್ರತಿ ಮನೆಯಲ್ಲಿ ಚಪ್ಪಲಿ ಬಿಡಿಸಿ ಅಂಗಾಲು ನೋಡುವ ಕ್ರಿಯೆಯಾಗಬೇಕು. ಮೆಟ್‌ಫಾರ್ಮಿನ್ ಮಾತ್ರೆಯನ್ನು ದೀರ್ಘಕಾಲ ಸೇವಿಸುವವರಲ್ಲಿ ಬಿ12 ಜೀವಸತ್ವದ ಕೊರತೆಯೂ ಕಾಲುರಿಗೆ ಕಾರಣವಾಗಬಲ್ಲದು. ಅದನ್ನು ರಕ್ತಪರೀಕ್ಷೆಯಿಂದ ಪತ್ತೆಹಚ್ಚಿ ಸರಿಪಡಿಸಬಹುದು. ವಿದ್ಯುತ್ ಯಂತ್ರದ ಮೇಲೆ ಕಾಲಿಟ್ಟು ಕುಳಿತವರಿಗೆ ಈ ಪರೀಕ್ಷೆ ಮಾಡುವವರಾರು?

ಟೆನ್ಸ್ ಯಂತ್ರವನ್ನೂ ಸರಕಾರಿ ವ್ಯವಸ್ಥೆಯೊಳಕ್ಕೆ ತರುವುದು ಅಸಾಧ್ಯವೇನಲ್ಲ. ಸರಳ ಟೆನ್ಸ್ ಯಂತ್ರ ಕೆಲವೇ ಸಾವಿರ ರೂಪಾಯಿಗೆ ದೊರೆಯುತ್ತದೆ. ತಾಲೂಕು ಆಸ್ಪತ್ರೆಯ ಮಟ್ಟದಲ್ಲಿ ಒಬ್ಬ ಫಿಜಿಯೋಥೆರಪಿಸ್ಟ್, ಕೆಲವು ಯಂತ್ರಗಳು, ಪಾದ ಪರೀಕ್ಷೆಯ ಬಳಿಕವಷ್ಟೇ ಮೂರು-ನಾಲ್ಕು ವಾರಗಳ ಪ್ರಯೋಗ, ಪ್ರಯೋಜನವಾಗದಿದ್ದರೆ ಅಲ್ಲಿಗೇ ನಿಲ್ಲಿಸುವ ನಿಯಮ, ಇಷ್ಟಿದ್ದರೆ ರೋಗಿ ಸಾವಿರಾರು ರೂಪಾಯಿ ತೆತ್ತು ಯಂತ್ರ ಕೊಳ್ಳುವ ಮುನ್ನ ಅದು ತನಗೆ ಒಗ್ಗುವುದೋ ಇಲ್ಲವೋ ಎಂಬುದನ್ನು ತಿಳಿಯಬಹುದು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗುವವರ ಚಿಕಿತ್ಸೆಗಾಗಿ ರೂಪಿತವಾದದ್ದು. ಪಾದ ಕೊಳೆತು ಶಸ್ತ್ರಚಿಕಿತ್ಸೆಯ ಮೇಜಿಗೆ ಬಂದ ಮೇಲೆ ಖರ್ಚು ಮಾಡುವುದಕ್ಕಿಂತ, ಪಾದ ಉರಿಯುತ್ತಿರುವಾಗಲೇ ಅಲ್ಪ ಹಣ ವ್ಯಯಿಸುವುದು ಬೊಕ್ಕಸಕ್ಕೂ ಲಾಭ, ದುಡಿಯುವ ಕುಟುಂಬಕ್ಕೂ ಲಾಭ.

ನೋವು ದೇಹದ ಶತ್ರುವೇನೋ ಹೌದು, ಆದರೆ ಅದು ಎಚ್ಚರಿಕೆಯ ಗಂಟೆಯೂ ಹೌದು. ಗಂಟೆಯ ಸದ್ದಡಗಿಸುವ ಸಾಧನ ಒಳ್ಳೆಯದೇ. ಗಂಟೆ ಏಕೆ ಬಾರಿಸಿತೆಂದು ನೋಡಿದ ಮೇಲೆ ಅದನ್ನು ಬಳಸಬೇಕು. ಮಧುಮೇಹಿಯ ಪಾದವನ್ನು ಮೊದಲು ಪರೀಕ್ಷಿಸುವವರು ಯಂತ್ರ ಮಾರುವವರಾಗಿರಬೇಕೋ ಆರೋಗ್ಯ ಸಿಬ್ಬಂದಿಯಾಗಿರಬೇಕೋ ಎಂಬುದನ್ನು ಸರಕಾರ ಈಗಲೇ ನಿರ್ಧರಿಸಬೇಕಿದೆ.